ಗವಾಕ್ಷಿ ಮುಚ್ಚಿದ ಅಣ್ಣನಿಗೆ

ಅಣ್ಣ,

ಈ ಪದದ ಹಿಂದೆ ‘ಪ್ರೀತಿಯ’ ಎಂದು ಬರೆದಿದ್ದೆ. ಹೊಡೆದು ಹಾಕಿ ಹೊಸ ಹಾಳೆ ತೆಗೆದುಕೊಂಡಿದ್ದೇನೆ. ಕ್ಷೇಮ ಸಮಾಚಾರ ಕೇಳುವುದಿಲ್ಲ. ನಿನ್ನ ಕ್ಷೇಮ ನನಗೆ ಬೇರೆ ಕಡೆಯಿಂದ ತಿಳಿಯುತ್ತಿರುತ್ತದೆ. ನನ್ನದು ನಿನಗೆ ಬೇಕಾಗಿಲ್ಲ.

ಬರುವ ಭಾನುವಾರ ಅಮ್ಮ ನಿನ್ನ ಮನೆಗೆ ಬರುತ್ತಾಳೆ. ಮೂರು ತಿಂಗಳು ಇರುತ್ತಾಳಂತೆ. ಇದು ನನ್ನ ತೀರ್ಮಾನವಲ್ಲ, ಅವಳದ್ದು. “ಅವನ ಮನೇಲೂ ಸ್ವಲ್ಪ ದಿನ ಇರ್ತೀನಿ ಕಣೆ, ಮಗ ಅಲ್ವಾ” ಅಂದಳು. ಬೇಡ ಅನ್ನುವ ಹಕ್ಕು ನನಗಿಲ್ಲ. ಆದರೆ ಅವಳು ಬರುವ ಮೊದಲು ನೀನು ಈ ಪತ್ರವನ್ನು ಪೂರ್ತಿ ಓದಬೇಕು. ಫೋನ್ ಮಾಡಿದರೆ ನೀನು ಮಧ್ಯದಲ್ಲೇ ಬಾಯಿ ಹಾಕುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ಅಮ್ಮನೂ ಇರುವ ಮನೆಗೆ ಆ ಗೀಸರ್ ತಂದವನು ನೀನು. ನಲ್ಲಿ, ಷವರ್, ಸಿಂಕು ಮಾರುವ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಮ್ಯಾನೇಜರ್ ಆಗಿರುವವನು. ಆ ವಿಷಯದಲ್ಲಿ ನಿನ್ನ ಮುಂದೆ ಯಾರು ತುಟಿ ಬಿಚ್ಚಬೇಕು? “ಕರೆಂಟಿಂದಾದ್ರೆ ನೀರು ಕಾಯೋವರೆಗೂ ಕೂತಿರ್ಬೇಕು, ಇದು ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು” ಎನ್ನುತ್ತಾ ಗ್ಯಾಸ್ ಗೀಸರಿನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿ ಬಂದೆ. ನಿಮ್ಮ ಅಂಗಡಿಯ ಮೆಕ್ಯಾನಿಕ್ ಬಚ್ಚಲುಮನೆ ನೋಡಿದವನೇ, “ಸಾರ್, ಇದನ್ನ ಒಳಗೆ ಹಾಕಬಾರದು. ಬಾಲ್ಕನೀಲಿ ಹಾಕಿ ಪೈಪ್ ಮಾತ್ರ ಒಳಗೆ ತರೋಣ” ಅಂದ. ಬಾಲ್ಕನಿಯಲ್ಲಿ ಅಮ್ಮನ ಹೊಲಿಗೆ ಮಿಷಿನ್ ಇತ್ತು. ಗೋಡೆ ಕೊರೆದರೆ ಟೈಲ್ಸ್ ಒಡೆಯುತ್ತವೆ ಅಂತ ನೀನು ಒಪ್ಪಲಿಲ್ಲ. ಅವನಿಗೆ ಚಹಾ ಕುಡಿಸಿ ಕಳಿಸಿ, ಸಂಜೆಯೊಳಗೆ ನೀನೇ ಅದನ್ನು ಬಚ್ಚಲಿನ ಗೋಡೆಗೆ ಹೊಡೆದು ನಿಲ್ಲಿಸಿದೆ.

ಮೇಲೆ ಗವಾಕ್ಷಿ ಇತ್ತು, ಓರೆ ಗಾಜಿನ ಪಟ್ಟಿಗಳದ್ದು, ಒಂದು ಮೊಳ ಅಗಲ. ಗೀಸರಿನ ಹೊಗೆ ಅಲ್ಲಿಂದ ಹೋಗುತ್ತಿತ್ತು, ಹಾಗಾಗಿ ಒಂದು ವರ್ಷ ಏನೂ ಆಗಲಿಲ್ಲ. ಮರುವರ್ಷದ ಚಳಿಗಾಲ ಜೋರಾಗಿತ್ತು. “ಸ್ನಾನ ಮಾಡುವಾಗ ಮೇಲಿಂದ ಗಾಳಿ ಬಂದು ಬೆನ್ನು ಕೊರೆಯುತ್ತೆ ಕಣೋ” ಎಂದು ಅಮ್ಮ ನಿನ್ನ ಮುಂದೆ ಒಂದು ಮಾತು ಅಂದಳಷ್ಟೆ. ಮಾರನೆಯ ದಿನವೇ ನೀನು ಪ್ಲೈವುಡ್ ಹಲಗೆಯನ್ನು ಅಳತೆಗೆ ಕತ್ತರಿಸಿ ತಂದು ಬಡಿದೆ. ಸುತ್ತ ಸಿಲಿಕಾನ್ ಅಂಟು ಬಳಿದೆ, ಇರುವೆಯೂ ನುಸುಳದ ಹಾಗೆ. ಇನ್ನು ಗಾಳಿ ಎಲ್ಲಿಂದ ಆಡುತ್ತದೆ ಎಂದು ನಾನು ಕೇಳಿದ್ದಕ್ಕೆ, “ಬಾಗಿಲ ಕೆಳಗೆ ಸಂದಿ ಇದೆಯಲ್ಲ, ಸಾಕು” ಅಂದೆ.

ಇಲ್ಲಿ ನನ್ನ ಪಾಲನ್ನೂ ಬರೆದುಬಿಡುತ್ತೇನೆ. ಬಚ್ಚಲಿನ ನೀರು ಆ ಸಂದಿಯಿಂದ ಹಾಲಿಗೆ ಹರಿಯುತ್ತಿತ್ತು. ಹದಿನೈದು ದಿನ ಒರೆಸಿ ಒರೆಸಿ ಸಾಕಾಗಿ ನಾನೇ ಬಾಗಿಲ ಬುಡಕ್ಕೆ ರಬ್ಬರ್ ಪಟ್ಟಿ ಹೊಡೆದೆ. ಮೇಲಿನದನ್ನು ನೀನು ಮುಚ್ಚಿದೆ, ಕೆಳಗಿನದನ್ನು ನಾನು. ಉಪ್ಪಿನಕಾಯಿ ಭರಣಿಗೆ ಮುಚ್ಚಳ ಬಿಗಿದ ಹಾಗೆ ಇಬ್ಬರೂ ಸೇರಿ ಬಿಗಿದೆವು. ನನ್ನ ಪಟ್ಟಿಯ ವಿಷಯವನ್ನು ನಾನು ಡಾಕ್ಟರಿಗೆ ಹೇಳಿದೆ, ಅಮ್ಮನಿಗೆ ಹೇಳಿದೆ, ಕೇಳಿದವರಿಗೆಲ್ಲ ಹೇಳಿದೆ. ನೀನು ನಿನ್ನ ಹಲಗೆಯ ವಿಷಯ ಯಾರಿಗೆ ಹೇಳಿದೆ?

ನಾನು ಶಾಲೆಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ಇಪ್ಪತ್ತು ಬರ್ನರ್ ಹಚ್ಚಿ ಆರಿಸುತ್ತೇನೆ. ಉರಿ ನೀಲಿಯಾಗಿದ್ದರೆ ಗ್ಯಾಸಿಗೆ ಬೇಕಾದಷ್ಟು ಗಾಳಿ ಸಿಗುತ್ತಿದೆ ಎಂದರ್ಥ. ಹಳದಿಯಾಗಿ ನಾಲಗೆ ಚಾಚಿದರೆ ಗಾಳಿ ಸಾಲದು ಎಂದರ್ಥ. ಆ ತಿಂಗಳು ಒಂದು ದಿನ ಗೀಸರಿನ ಕಿಂಡಿಯಲ್ಲಿ ಇಣುಕಿದರೆ ಉರಿ ಹಳದಿ. ಮೇಲಿನ ಟೈಲ್ಸ್ ಮೇಲೆ ಅಂಗೈಯಗಲ ಮಸಿ. ಅಮ್ಮ ಸ್ನಾನ ಮುಗಿಸಿ ಬಂದರೆ “ಯಾಕೋ ತಲೆ ಭಾರ” ಎಂದು ಹಣೆ ಹಿಡಿದು ಕೂರುತ್ತಿದ್ದಳು. ನಿನಗೆ ಫೋನ್ ಮಾಡಿ ಹೇಳಿದೆ. ನೀನು ಗಿರಾಕಿಗಳ ಮುಂದೆ ಇದ್ದೆ. ಅವರೆಲ್ಲರಿಗೂ ಕೇಳುವ ಹಾಗೆ ನಕ್ಕು, “ಲ್ಯಾಬಲ್ಲಿ ಬಾಟ್ಲಿ ತೊಳೆಯೋಳು ನನಗೆ ಗೀಸರ್ ಪಾಠ ಹೇಳ್ತೀಯಾ? ಮಸಿ ಆದ್ರೆ ಒರೆಸು” ಅಂದೆ.

ನಾನು ಒರೆಸಿದೆ. ಗೊತ್ತಿದ್ದೂ ಒರೆಸಿದೆ. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ, ನಿನ್ನನ್ನು ಹೇಗೆ ಕ್ಷಮಿಸಲಿ?

ಅದಾದ ಒಂಬತ್ತನೆಯ ದಿನ, ಶನಿವಾರ ಬೆಳಿಗ್ಗೆ, ಅಮ್ಮ ಸ್ನಾನಕ್ಕೆ ಹೋದಳು. ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಬಕೆಟ್ ತುಂಬಿ ನೀರು ಹೊರಗೆ ಚೆಲ್ಲುವ ಸದ್ದು ಒಂದೇ ಸಮನೆ ಕೇಳತೊಡಗಿತು. “ಅಮ್ಮ, ನಲ್ಲಿ ನಿಲ್ಸು” ಎಂದು ಕೂಗಿದೆ. ಉತ್ತರವಿಲ್ಲ. ಬಾಗಿಲು ಬಡಿದೆ. ಒಳಗಿನಿಂದ ಚಿಲಕ ಹಾಕಿತ್ತು. ಭುಜ ಕೊಟ್ಟು ನೂಕಿದರೂ ಅಲ್ಲಾಡಲಿಲ್ಲ. ಕೆಳಮನೆಯ ಬಡಗಿಯನ್ನು ಕೂಗಿ ಕರೆದೆ. ಆತ ಉಳಿ ಸುತ್ತಿಗೆ ಹಿಡಿದೇ ಓಡಿ ಬಂದು ಎರಡು ಏಟಿಗೆ ಚಿಲಕ ಕಿತ್ತ. ಅಮ್ಮ ನೆಲದ ಮೇಲೆ ಬಿದ್ದಿದ್ದಳು, ತಲೆ ಗೋಡೆಗೆ ಒರಗಿತ್ತು, ಕಣ್ಣು ಅರ್ಧ ತೆರೆದಿತ್ತು. ನಾನು ನುಗ್ಗಿ ಅವಳ ಕಂಕುಳಿಗೆ ಕೈ ಹಾಕಿದ್ದೇ ಗೊತ್ತು, ಎತ್ತುವಷ್ಟರಲ್ಲಿ ತಲೆ ಸುತ್ತಿ ನಾನೂ ಕುಸಿದೆ. ಬಡಗಿ ಗ್ಯಾಸ್ ಆರಿಸಿ, ಇಬ್ಬರನ್ನೂ ಎಳೆದು ಬಾಲ್ಕನಿಗೆ ತಂದು ಹಾಕಿದ. ನಾನು ಅಮ್ಮನಿಗೆ ಟವಲ್ಲು ಹೊದಿಸುವವರೆಗೂ ಆ ಮನುಷ್ಯ ಬೀದಿಯ ಕಡೆ ಮುಖ ತಿರುಗಿಸಿ ನಿಂತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಗ್ಯಾಸ್ ಗೀಸರಾ? ಬಚ್ಚಲಿಗೆ ಕಿಟಕಿ ಇದೆಯಾ?” ಇತ್ತು, ಮುಚ್ಚಿದ್ದೇವೆ ಎಂದೆ. ಅವರು ಬಿಡಿಸಿ ಹೇಳಿದರು. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ತಿಳಿಯುತ್ತದೆ. ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. “ಇನ್ನೈದು ನಿಮಿಷ ತಡ ಆಗಿದ್ರೆ ನನ್ನ ಕೈಲಿ ಏನೂ ಇರ್ತಿರಲಿಲ್ಲಮ್ಮ” ಅಂದರು.

ನೀನು ಮಧ್ಯಾಹ್ನ ಬಂದೆ. ನೇರ ಆಸ್ಪತ್ರೆಗೆ ಬರಲಿಲ್ಲ. ಅಮ್ಮನ ಬಟ್ಟೆ ತೆಗೆದುಕೊಳ್ಳಬೇಕು ಎಂದು ಬಡಗಿಯ ಹತ್ತಿರ ಬೀಗದ ಕೈ ಇಸಿದುಕೊಂಡು ಮೊದಲು ಮನೆಗೆ ಹೋದೆ. ಆಮೇಲೆ ಬಂದು, ಚಿಕ್ಕಮ್ಮನೂ ಸೋದರಮಾವನೂ ಕೂತಿದ್ದ ಬೆಂಚಿನ ಮುಂದೆ ನಿಂತು, “ಗವಾಕ್ಷಿ ತೆರೆದೇ ಇದೆ, ಈಗ ನೋಡ್ಕೊಂಡು ಬಂದೆ. ಗ್ಯಾಸೂ ಇಲ್ಲ ಗೀಸೂ ಇಲ್ಲ, ಬಿಪಿ ಏರಿ ಬಿದ್ದಿದಾಳೆ. ಇವಳು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಿದ್ರೆ ತಾನೆ” ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ನಿನ್ನ ಮಾತಿನ ತಲೆಬುಡವೇ ಅರ್ಥವಾಗಲಿಲ್ಲ. ಸಂಜೆ ಮನೆಗೆ ಹೋಗಿ ಬಚ್ಚಲಿನಲ್ಲಿ ತಲೆ ಎತ್ತಿ ನೋಡಿದಾಗ ಅರ್ಥವಾಯಿತು. ಹಲಗೆ ಇರಲಿಲ್ಲ. ಗವಾಕ್ಷಿಯ ಸುತ್ತ ಸಿಲಿಕಾನ್ ಕೆರೆದ ಹಸಿ ಗುರುತು, ನೆಲದಲ್ಲಿ ಅದರ ಚೂರು. ಬಡಗಿ ಮೆಟ್ಟಿಲ ಹತ್ತಿರ ಸಿಕ್ಕಿ, “ನಿಮ್ಮಣ್ಣ ಒಂದು ಹಲಗೇನ ಕಾರಿನ ಡಿಕ್ಕಿಗೆ ಹಾಕ್ಕೊಂಡು ಹೋದ್ರು. ಅದ್ಯಾಕೆ ಬೇಕಾಯ್ತೋ” ಅಂದ.

ಅಮ್ಮ ಮಾಸ್ಕಿನೊಳಗೆ ಉಸಿರಿಗಾಗಿ ಒದ್ದಾಡುತ್ತಿದ್ದಾಗ ನೀನು ಸ್ಟೂಲು ಹತ್ತಿ ಸಿಲಿಕಾನ್ ಕೆರೆಯುತ್ತಿದ್ದೆ.

ಮೂರನೆಯ ದಿನ ಅಮ್ಮನಿಗೆ ಸರಿಯಾಗಿ ಮಾತು ಬಂತು. ನಾನು ಎಲ್ಲ ಹೇಳಿದೆ. ಅವಳು, “ನನಗೆ ಚಳಿ ಆಗಬಾರದು ಅಂತ ತಾನೆ ಮಾಡಿದ. ನೆಂಟರ ಮುಂದೆ ಬಾಯಿ ಬಿಡಬೇಡ, ಮಾತು ಕೊಡು” ಅಂದಳು. ಕೊಟ್ಟೆ. ಹಲಗೆ ಹೊಡೆದದ್ದು ಅಕ್ಕರೆಗೆ ಎಂದು ನನಗೂ ಗೊತ್ತು, ಅದನ್ನು ಎಂದೋ ಮರೆಯುತ್ತಿದ್ದೆ. ಕಿತ್ತದ್ದು ಯಾವ ಅಕ್ಕರೆಗೆ ಅಣ್ಣ?

ಮನೆಗೆ ಬಂದ ಮೇಲೆ ಮೂರು ವಾರ ಚೆನ್ನಾಗಿದ್ದಳು. ಆಮೇಲೆ ಮರೆವು ಶುರುವಾಯಿತು. ಈ ವಿಷಗಾಳಿ ಕುಡಿದವರಲ್ಲಿ ಕೆಲವರಿಗೆ ತಡವಾಗಿ ಹೀಗಾಗುವುದುಂಟು ಎಂದರು ಡಾಕ್ಟರು. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿ, ಟೇಪು ಹಿಡಿಯದೆ ಅಂಗಿಯ ಅಳತೆ ಹೇಳುತ್ತಿದ್ದ ಹೆಂಗಸು. ಆ ಮಿಷಿನ್ ತುಳಿದೇ ನಮ್ಮಿಬ್ಬರನ್ನೂ ಓದಿಸಿದವಳು. ಈಗ ಒಂದೇ ಅಂಗಿಗೆ ಎರಡು ಎಡತೋಳು ಹೊಲಿಯುತ್ತಾಳೆ. ಗಿರಾಕಿಗಳು ದುಡ್ಡು ಕೊಟ್ಟು ಮಡಿಸಿಕೊಂಡು ಹೋಗುತ್ತಾರೆ. ಸೂಜಿಗೆ ದಾರ ಹಾಕಿಕೊಡು ಎಂದು ನನ್ನನ್ನು ಕರೆದು, ನಾನು ಬರುವಷ್ಟರಲ್ಲಿ ಯಾಕೆ ಕರೆದದ್ದೆಂದು ಮರೆತು ಸುಮ್ಮನೆ ನಗುತ್ತಾಳೆ. ಆ ನಗು ನೀನು ನೋಡಿಲ್ಲ. ನೆಂಟರ ಮನೆಗಳಲ್ಲಿ ನಾನು ತಾಯಿಗೆ ಮಾತ್ರೆ ಕೊಡದ ಮಗಳು, ಬಾಗಿಲಿಗೆ ರಬ್ಬರ್ ಹೊಡೆದು ಅವಳ ಉಸಿರು ಕಟ್ಟಿಸಿದ ಮಗಳು. ನೀನು ಸುದ್ದಿ ತಿಳಿದ ಕೂಡಲೇ ಕೆಲಸ ಬಿಟ್ಟು ಓಡಿ ಬಂದ ಮಗ.

ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಇದ್ದುಬಿಡುತ್ತಿದ್ದೆನೇನೋ. ಕಳೆದ ವಾರ ಅತ್ತಿಗೆ ಫೋನ್ ಮಾಡಿದರು. ನಿಮ್ಮ ಬಚ್ಚಲಿನಲ್ಲೂ ಗ್ಯಾಸ್ ಗೀಸರ್ ಒಳಗೇ ಇದೆಯಂತೆ. ಕಿಟಕಿ ಇದ್ದರೂ, ಪಕ್ಕದಲ್ಲಿ ಹೊಸ ಮನೆ ಎದ್ದ ಮೇಲೆ ಅದನ್ನು ತೆರೆಯುವುದೇ ಇಲ್ಲವಂತೆ. “ದಿನಾ ಸ್ನಾನ ಆದ ಮೇಲೆ ತಲೆನೋವು, ಹೊಟ್ಟೆ ತೊಳಸುತ್ತೆ. ಹೇಳಿದ್ರೆ, ನಿನಗೆ ಯೋಚನೆ ಜಾಸ್ತಿ ಅಂತಾರೆ” ಅಂದರು. ನೀವು ಹೇಳಿದ್ದೆಂದು ತಿಳಿಸದೆ ಬರೆಯಲೇ ಎಂದು ಕೇಳಿದೆ. “ತಿಳಿಸಿಯೇ ಬರಿ. ಎಷ್ಟು ದಿನ ಅಂತ ಹೆದರ್ಲಿ” ಅಂದರು. ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡಿಯೂ ನೀನು ನಿನ್ನ ಮನೆಯ ಗೋಡೆ ನೋಡಲಿಲ್ಲ.

ಆದ್ದರಿಂದ ಈಗ ಬರೆಯುವುದನ್ನು ಬಾಟಲಿ ತೊಳೆಯುವವಳ ಮಾತೆಂದೇ ಓದು, ಆದರೆ ಓದು. ಭಾನುವಾರದೊಳಗೆ ಆ ಪೆಟ್ಟಿಗೆ ಬಚ್ಚಲಿನಿಂದ ಆಚೆ ಹೋಗಬೇಕು. ನಿಮ್ಮ ಮನೆಯ ಹಿಂಬದಿಯ ತೆರೆದ ಬಾಲ್ಕನಿಯಲ್ಲಿ ಮೆಕ್ಯಾನಿಕ್ಕನ ಕೈಯಿಂದಲೇ ಹಾಕಿಸು, ನೀನು ಸ್ಪ್ಯಾನರ್ ಮುಟ್ಟಬೇಡ. ಅಲ್ಲಿಯವರೆಗೆ ಅದನ್ನು ಹಚ್ಚಲೇಬೇಡಿ, ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಹೊರಗೆ ಹಾಕಿದ ಮೇಲೂ ವರ್ಷಕ್ಕೊಮ್ಮೆ ಬರ್ನರ್ ಬಿಚ್ಚಿಸಿ ಶುಚಿ ಮಾಡಿಸು. ಉರಿ ಹಳದಿಯಾದರೆ, ಮಸಿ ಕಂಡರೆ, ಆರಿಸಿ ಮೆಕ್ಯಾನಿಕ್ಕನನ್ನು ಕರೆಸು. ಸ್ನಾನದ ನಡುವೆ ತಲೆ ಸುತ್ತಿದರೆ ಮೈ ಒರೆಸಿಕೊಳ್ಳುತ್ತಾ ನಿಲ್ಲದೆ ಹೊರಗಿನ ಗಾಳಿಗೆ ಬರಬೇಕು, ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗಬೇಕು. ಅತ್ತಿಗೆಯನ್ನು ನಾಳೆಯೇ ಕರೆದುಕೊಂಡು ಹೋಗಿ ತೋರಿಸು. ಅಮ್ಮ ಒಳಗಿರುವಾಗ ಚಿಲಕ ಹಾಕುವುದು ಬೇಡ, ಯಾರಾದರೂ ಹೊರಗಿರಿ. ಬಿಸಿ ನಲ್ಲಿ ಯಾವುದು ತಣ್ಣೀರ ನಲ್ಲಿ ಯಾವುದು ಎಂದು ಅವಳಿಗೆ ಮರೆತುಹೋಗುತ್ತದೆ. ನೀವೇ ಬಕೆಟ್ಟಿನಲ್ಲಿ ಬೆರೆಸಿ, ಕೈಯಿಟ್ಟು ನೋಡಿ ಕೊಡಿ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಕರೆಂಟಿನ ಗೀಸರ್ ಹಾಕಿಸು, ನಾವೂ ಈಗ ಅದನ್ನೇ ಇಟ್ಟುಕೊಂಡಿದ್ದೇವೆ. ಅದಕ್ಕೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಲಿ. ನೀರು ಕಾದ ಮೇಲೆ ಸ್ವಿಚ್ ಆರಿಸಿಯೇ ಅಮ್ಮನನ್ನು ಒಳಗೆ ಕಳಿಸಿ. ಅದರ ಸೇಫ್ಟಿ ವಾಲ್ವಿನಿಂದ ಆಗಾಗ ನೀರು ತೊಟ್ಟಿಕ್ಕುತ್ತದೆ. ಒಳಗಿನ ಒತ್ತಡಕ್ಕೆ ಅದೇ ದಾರಿ. ನಿನ್ನ ಸ್ವಭಾವ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ: ಅದಕ್ಕೂ ಬಿರಡೆ ಜಡಿಯಬೇಡ.

ಭಾನುವಾರ ಹತ್ತು ಗಂಟೆಗೆ ಬರುತ್ತೇವೆ. ಅಮ್ಮ ಟ್ಯಾಕ್ಸಿಯಲ್ಲೇ ಕೂತಿರುತ್ತಾಳೆ. ನಾನು ಒಬ್ಬಳೇ ಒಳಗೆ ಬಂದು ಬಚ್ಚಲು ನೋಡುತ್ತೇನೆ. ಪೆಟ್ಟಿಗೆ ಅಲ್ಲೇ ಇದ್ದರೆ ಟ್ಯಾಕ್ಸಿ ಬಂದ ದಾರಿಯಲ್ಲೇ ತಿರುಗುತ್ತದೆ. ಅತ್ತಿಗೆಗೂ ಅದರಲ್ಲಿ ಜಾಗವಿದೆ, ಅವರನ್ನು ಕೇಳಿಯೇ ಬರೆದಿದ್ದೇನೆ. ಬೆದರಿಕೆ ಅಂದುಕೊಂಡರೆ ಹಾಗೇ ಅಂದುಕೋ.

ನೆಂಟರಿಗೆ ನಿಜ ಹೇಳು ಎಂದು ನಾನು ಕೇಳುವುದಿಲ್ಲ. ಅಮ್ಮನಿಗೆ ಕೊಟ್ಟ ಮಾತು ನಾನು ಮುರಿಯುವುದಿಲ್ಲ. ಆದರೆ ಅವಳಿಗೆ ಈಗ ಆ ಮಾತೂ ಮರೆತಿದೆ, ಹಲಗೆಯೂ ಮರೆತಿದೆ. ನಿನ್ನೆ ಕಾಜ ಹೊಲಿಯುತ್ತಾ ತಲೆ ಎತ್ತಿ, “ನಾನು ಬಚ್ಚಲಲ್ಲಿ ಯಾಕೆ ಬಿದ್ದೆ ಕಣೆ?” ಎಂದು ಕೇಳಿದಳು. “ಅಣ್ಣನ್ನ ಕೇಳು” ಅಂದೆ. ಕೇಳುತ್ತಾಳೆ. ಕಾಫಿ ಕುಡಿಯುವಾಗ ಕೇಳುತ್ತಾಳೆ, ಊಟಕ್ಕೆ ಕೂತಾಗ ಕೇಳುತ್ತಾಳೆ. ನೀನು ಏನು ಹೇಳಿದರೂ ನಂಬುತ್ತಾಳೆ, ಮರುದಿನ ಮರೆತು ಮತ್ತೆ ಕೇಳುತ್ತಾಳೆ. ಮೂರು ತಿಂಗಳು, ಪ್ರತಿ ಸಲವೂ ಅವಳ ಮುಖ ನೋಡಿಕೊಂಡೇ ನೀನು ಉತ್ತರ ಹೇಳಬೇಕು.

ಅತ್ತಿಗೆಯ ತಲೆನೋವು ವಾಸಿಯಾಗಲಿ. ಅಮ್ಮ ನಿನ್ನ ಮನೆಯಲ್ಲಿ ಸುಖವಾಗಿ ಉಸಿರಾಡಿಕೊಂಡಿರಲಿ. ನಿನಗೆ ಏನು ಹಾರೈಸಬೇಕೋ ಇನ್ನೂ ತಿಳಿಯದ

ನಿನ್ನ ತಂಗಿ