ಯಾರ ಕಡೆಯಿಂದಲೂ ಅಲ್ಲ

ಗೋರೆಗಾಂವ್, ಮುಂಬಯಿ
17 ನವೆಂಬರ್ 2024

ರಿಯಾಜ ಅವರಿಗೆ,

ಸಲಾಂ. ಬಕ್ರೀದಿನ ಹೊತ್ತಿಗೆ ನೀವು ಬರೆದ ಪತ್ರ ಆಗಲೇ ಕೈಸೇರಿತ್ತು. ನಿಮ್ಮ ಅಮ್ಮಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿ ನೆಮ್ಮದಿಯಾಯಿತು. ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ, ಹವೆ, ಅಮ್ಮಿಯ ಗುಳಿಗೆ ಇಷ್ಟನ್ನು ದಾಟಿ ಮುಂದೆ ಹೋಗುವುದೇ ಇಲ್ಲ. ನಮಗೆ ಮಾತಿಗೆ ದಖನಿ, ಮನಸ್ಸಿಗೆ ಕನ್ನಡ ಎಂದು ಮದುವೆಗೆ ಮೊದಲು ನೀವೇ ಬರೆದಿದ್ದಿರಿ. ಅದಕ್ಕೇ ಈ ಕಾಗದ.

ಊರಲ್ಲಿ, ಇಂಡಿಯಲ್ಲಿ, ಈಗ ಚಳಿ ಶುರುವಾಗಿರಬೇಕು. ನಿಮ್ಮ ಹತ್ತನೆಯ ತರಗತಿಯ ಹುಡುಗರು ಈ ಸಲವಾದರೂ ವ್ಯಾಕರಣ ಕಲಿತರೋ ಇಲ್ಲವೋ. ಇಲ್ಲಿ ನಮ್ಮ ಬಿಲ್ಡಿಂಗಿನ ಲಿಫ್ಟ್ ಮತ್ತೆ ಕೆಟ್ಟಿದೆ. ಮೊಣಕಾಲು ನೋವಿದ್ದರೂ ಹತ್ತಿ ಇಳಿಯುತ್ತೇನೆ.

ನಮ್ಮ ಮಗ ಮುಶರಫನನ್ನು ಕಳೆದುಕೊಂಡ ಆಸ್ಪತ್ರೆಯಲ್ಲೇ ನಾನು ಕೆಲಸಕ್ಕೆ ಸೇರಿದಾಗ, ಆ ಕಟ್ಟಡದ ಸುದ್ದಿಯನ್ನು ನನ್ನ ಮುಂದೆ ಎತ್ತಬೇಡ ಎಂದಿದ್ದಿರಿ. ಇಷ್ಟು ವರ್ಷ ನಾನು ಎತ್ತಲಿಲ್ಲ. ಇವತ್ತು ಎತ್ತುತ್ತೇನೆ. ಕೊನೆಯವರೆಗೂ ಓದಿ.

ನನ್ನದು ಪ್ರಯೋಗಾಲಯದ ಕೆಲಸ. ಮಕ್ಕಳ ಮೆದುಳಿನಿಂದ ತೆಗೆದ ಗಡ್ಡೆಯ ಚೂರು ನನ್ನ ಮೇಜಿಗೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಎರಡು ಗಡ್ಡೆಗಳು ಒಳಗೆ, ಜೀನುಗಳ ಮಟ್ಟದಲ್ಲಿ, ಪೂರ್ತಿ ಬೇರೆ ಬೇರೆ ರೋಗಗಳಾಗಿರಬಹುದು. ಒಂದಕ್ಕೆ ಔಷಧಿ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಅದನ್ನು ಬೇಗ ಗುರುತಿಸುವ ಪರೀಕ್ಷೆಯೊಂದನ್ನು ನಾವು ರೂಪಿಸುತ್ತಿದ್ದೇವೆ. ರೋಗಿಗಳ ಮುಖ ನಾನು ನೋಡುವುದಿಲ್ಲ, ನೋಡಬಾರದು ಎಂದೇ ಈ ಕೆಲಸ ಆರಿಸಿಕೊಂಡೆ.

ಆಗಸ್ಟಿನಲ್ಲಿ ವಾರ್ಡಿನಿಂದ ಕರೆ ಬಂತು. ಕನ್ನಡ ಬಿಟ್ಟು ಬೇರೆ ಭಾಷೆ ಸರಿಯಾಗಿ ತಿಳಿಯದ ತಾಯಿಯೊಬ್ಬಳಿಗೆ ಡಾಕ್ಟರ ಮಾತು ತಿಳಿಸಿಹೇಳಬೇಕಿತ್ತು. ಹೋದೆ. ಅಫಜಲಪುರ ಕಡೆಯವರು. ಗಂಡ ಯಲ್ಲಾಲಿಂಗ ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುತ್ತಾನೆ. ಹೆಂಡತಿ ಭಾಗಮ್ಮ. ಅವಳ ತೊಡೆಯ ಮೇಲೆ ಹತ್ತು ತಿಂಗಳ ಹೆಣ್ಣುಮಗು, ನಿಶಾ. ತಲೆಗೆಲ್ಲ ಪಟ್ಟಿ. ಗಡ್ಡೆಯಲ್ಲಿ ಅರ್ಧವನ್ನಷ್ಟೇ ತೆಗೆಯಲಾಗಿತ್ತು. ಅತ್ಯಂತ ಕೆಟ್ಟ ದರ್ಜೆಯದು ಎಂದು ವರದಿ ಬಂದಿತ್ತು. ಉಳಿದದ್ದು ಬೆಳೆಯುತ್ತದೆ, ಕೀಮೋ ಕೊಟ್ಟು ನೋಡಬಹುದು, ಹೆಚ್ಚಿನ ಭರವಸೆ ಇಟ್ಟುಕೊಳ್ಳಬೇಡಿ ಎಂದು ಮಕ್ಕಳ ಡಾಕ್ಟರ್ ವೈಶಾಲಿ ಮೇಡಂ ಮೆಲ್ಲಗೆ ಹೇಳಿದರು. ಆ ಮಾತುಗಳನ್ನು ನಾನು ಕನ್ನಡಕ್ಕೆ ತರಬೇಕಾಯಿತು, ರಿಯಾಜ. ಆ ಮಾತುಗಳು ನನಗೆ ಕನ್ನಡದಲ್ಲಿ ಮೊದಲೇ ಗೊತ್ತಿದ್ದವು.

ಯಲ್ಲಾಲಿಂಗ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ, "ಉಳಿಯಂಗಿಲ್ಲ ಅಂದ್ರ ಊರಿಗೆ ಒಯ್ತೀವ್ರಿ. ಇಲ್ಲಿ ಸೂಜಿ ಚುಚ್ಚಿಸ್ಕೋತ ಸಾಯೋದ್ಯಾಕ? ನಮ್ಮವ್ವ ಒಮ್ಮಿನೂ ಕೂಸಿನ ಮಾರಿ ನೋಡಿಲ್ಲ."

ಭಾಗಮ್ಮ ಮಗುವಿನ ಕಾಲು ನೇವರಿಸುತ್ತ ಕೂತಿದ್ದಳು.

ಆ ಮಗುವಿನ ಗಡ್ಡೆಯ ಚೂರು ನಮ್ಮ ಅಧ್ಯಯನಕ್ಕೂ ಬಂದಿತ್ತು. ಎರಡು ದಿನದ ಮೇಲೆ ಪರೀಕ್ಷೆಯ ಫಲಿತಾಂಶ ತೆರೆ ಮೇಲೆ ಮೂಡಿತು. ಎರಡು ಜೀನುಗಳ ತುಂಡುಗಳು ಒಂದಕ್ಕೊಂದು ಅಂಟಿಕೊಂಡಿರುವ ಗುರುತು ಕಾಣುತ್ತಿತ್ತು. ಚಿಕ್ಕ ಕೂಸುಗಳಲ್ಲೇ ಹೆಚ್ಚಾಗಿ ಸಿಗುವ ಬಗೆ ಇದು. ನೋಟಕ್ಕೆ ಘೋರ, ಆದರೆ ಇದಕ್ಕೊಂದು ಔಷಧಿ ಇದೆ, ಬಾಯಲ್ಲಿ ಹಾಕುವ ದ್ರವ. ಆದರೆ ಗುರುತು ತೀರ ಮಸುಕಾಗಿತ್ತು. ಜೊತೆಗೆ, ಏನೂ ಕಾಣಬಾರದ ಹೋಲಿಕೆಯ ಮಾದರಿಯಲ್ಲೂ ಅದೇ ಗುರುತಿನ ಸಣ್ಣ ನೆರಳಿತ್ತು. ಎಂದರೆ, ಬೇರೆ ಮಾದರಿಯ ಹನಿ ಇದರಲ್ಲಿ ಬೆರೆತು ನಮ್ಮನ್ನು ಮೋಸಗೊಳಿಸುತ್ತಿರಬಹುದು.

ನಮ್ಮ ಮುಖ್ಯಸ್ಥ ದೇವಾನಂದ ಸರ್‌ಗೆ ತೋರಿಸಿದೆ. "ಮೊದಲಿಂದ ಮಾಡು," ಎಂದರು. "ಹೊಸ ಚೂರು, ಹೊಸ ರಾಸಾಯನಿಕ. ಅಲ್ಲಿಯವರೆಗೆ ಮನೆಯವರಿಗೆ ಒಂದಕ್ಷರ ಹೇಳಬೇಡ. ಸುಳ್ಳು ಆಶೆ ಕೊಟ್ಟು ವಾಪಸ್ ಕಿತ್ತುಕೊಳ್ಳೋದು ಗಡ್ಡೆಗಿಂತ ಕೆಟ್ಟದ್ದು."

ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಮರುಪರೀಕ್ಷೆ ಮುಗಿಯುವುದು ಸೋಮವಾರ, ಯಲ್ಲಾಲಿಂಗನ ರೈಲು ಶುಕ್ರವಾರ.

ಗುರುವಾರ ಊಟದ ಬಿಡುವಿನಲ್ಲಿ ಧಾರಾವಿಗೆ ಹೋದೆ. ಚೀಲ ಹೊಲಿಯುವ ಕಾರ್ಖಾನೆಯ ಮೇಲೆ ಅವರ ಖೋಲಿ, ಏಣಿ ಹತ್ತಿ ಹೋಗಬೇಕು. ಕೆಳಗೆ ಯಂತ್ರಗಳ ಸದ್ದಿಗೆ ನೆಲ ನಡುಗುತ್ತಿತ್ತು, ಆಸ್ಪತ್ರೆಯಿಂದ ಬಿಡಿಸಿಕೊಂಡು ತಂದಿದ್ದ ಮಗು ಆ ನಡುಕದಲ್ಲೇ ನಿದ್ದೆ ಮಾಡುತ್ತಿತ್ತು. "ಮಂಗಳವಾರದ ತನಕ ನಿಲ್ರಿ," ಎಂದೆ.

"ಯಾಕ್ರಿ?"

"ಇನ್ನೊಂದು ತಪಾಸಣಿ ನಡದೈತಿ."

"ಅದರಾಗ ಏನರ ಚಲೋ ಬರ್ತದೇನ್ರಿ?"

ನಾನು ಚೀಲ ಹೆಗಲಿಗೇರಿಸಿಕೊಂಡೆ. ಯಲ್ಲಾಲಿಂಗ ನಕ್ಕ. ಸಿಟ್ಟಿನ ನಗೆಯಲ್ಲ, ದಣಿದ ನಗೆ. "ದವಾಖಾನ್ಯಾಗ ಎಲ್ಲಾರೂ ನಿಲ್ರಿ ಅಂತಾರ ಮೇಡಂ. ಯಾಕಂತ ಯಾರೂ ಹೇಳಂಗಿಲ್ಲ."

ಮರುದಿನ ಬೆಳಿಗ್ಗೆ ಕೆಲಸಕ್ಕೆಂದು ಲೋಕಲ್ ಹತ್ತಿದವಳು ಅವರ ಗಾಡಿ ನಿಲ್ಲುವ ದಾದರಿನಲ್ಲೇ ಇಳಿದುಬಿಟ್ಟೆ. ಯಾಕೆ ಇಳಿದೆನೋ ನನಗೇ ತಿಳಿಯದು. ಹೇಳಲು ನನ್ನ ಬಳಿ ಹೊಸದೇನೂ ಇರಲಿಲ್ಲ. ದೂರದ ರೈಲುಗಳ ಪ್ಲಾಟ್‌ಫಾರ್ಮಿನಲ್ಲಿ ಅವರು ಗಂಟುಮೂಟೆ ಇಟ್ಟುಕೊಂಡು ನಿಂತಿದ್ದರು. ಗಾಡಿ ಬರುವ ಘೋಷಣೆ ಆಗಲೇ ಆಗಿತ್ತು. ಭಾಗಮ್ಮ ನನ್ನನ್ನು ನೋಡಿ ಮಗುವಿನ ಟೊಪ್ಪಿಗೆ ಸರಿಮಾಡಿದಳು. ಇಷ್ಟು ದಿನದಲ್ಲಿ ಮೊದಲ ಸಲ ತಾನಾಗಿ ಮಾತಾಡಿದಳು.

"ಅಕ್ಕಾ, ನಿಮಗ ಮಕ್ಕಳೆಷ್ಟ್ರಿ?"

"ಒಬ್ಬ ಇದ್ದ," ಎಂದೆ.

ಇದ್ದ ಎಂದರೇನು ಎಂದು ಅವಳು ಕೇಳಲಿಲ್ಲ. ಗಾಡಿ ಬಂದು ನಿಂತಿತು. ಜನ ನುಗ್ಗಿದರು. ಯಲ್ಲಾಲಿಂಗ ಒಂದು ಗಂಟನ್ನು ಬಾಗಿಲೊಳಗೆ ತಳ್ಳಿ, ಇನ್ನೊಂದಕ್ಕೆ ತಿರುಗಿದಾಗ ಭಾಗಮ್ಮ ಅದರ ಮೇಲೆ ಕೂತುಬಿಟ್ಟಿದ್ದಳು.

"ಏಳ," ಎಂದ.

"ನಾ ಬರಂಗಿಲ್ಲ."

"ಏ ಹುಚ್ಚಿ, ಗಾಡಿ ಬಿಡ್ತದ."

"ಬಿಡ್ಲಿ. ಆ ಅಕ್ಕಗ ಹೇಳಾಕ ಆಗವಲ್ದು, ಆದರ ಬಂದು ನಿಂತಾಳ. ಸುಮ್ನ ಯಾರ ಬರ್ತಾರ? ನೀ ಹೋಗಾಂವಿದ್ರ ಹೋಗು."

ಗಾಡಿ ಅಲುಗಿದಾಗ ಅವನು ಒಳಗಿನ ಗಂಟನ್ನು ಎಳೆದು ಕೆಳಗೆ ಹಾಕಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಪ್ರಯೋಗಾಲಯದಲ್ಲಿ ಪ್ರತಿ ಹನಿಯನ್ನೂ ಉಸಿರು ಬಿಗಿಹಿಡಿದು ಹಾಕಿದೆ. ಇದು ಸುಳ್ಳಾದರೆ, ಸಾಯುವ ಕೂಸೊಂದನ್ನು ಅದರ ಅಜ್ಜಿಯ ಮಡಿಲಿಗೆ ಹೋಗದಂತೆ ತಡೆದವಳು ನಾನೇ. ರವಿವಾರ ಯಲ್ಲಾಲಿಂಗನ ಫೋನ್ ಬಂತು. "ಕೂಸಿಗಿ ಝಟಕಾ ಬಂದಾವ್ರಿ. ಕಣ್ಣು ಮ್ಯಾಲ ಮಾಡ್ಯಾದ." ಆಸ್ಪತ್ರೆಗೆ ಓಡಿದೆ. ಫಿಟ್ಸ್ ನಿಲ್ಲದ ಮಗುವನ್ನು ಐಸಿಯುಗೆ ಸೇರಿಸಿದ್ದರು. ಹೊರಗೆ ಗೋಡೆಗೆ ಒರಗಿ ನಿಂತಿದ್ದ ಅವನು ಮೆಲುದನಿಯಲ್ಲಿ ಅಂದ, "ನಿನ್ನಿ ಊರು ಮುಟ್ಟಿರ್ತಿದ್ದಿವ್ರಿ. ನಮ್ಮವ್ವನ ತೊಡಿ ಮ್ಯಾಲರ ಇರ್ತಿತ್ತು."

ಭಾಗಮ್ಮ ಮಾತ್ರ ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದಳು. ಬಿಡಿಸಿಕೊಳ್ಳಲು ಮನಸ್ಸು ಬಾರದೆ ನಾನೂ ಅಲ್ಲೇ ನೆಲದ ಮೇಲೆ ಕೂತೆ.

ಸೋಮವಾರ ಮಧ್ಯಾಹ್ನ ಫಲಿತಾಂಶ ಬಂತು. ದೇವಾನಂದ ಸರ್ ಮಗುವಿನ ಮಾದರಿಯನ್ನು ನೋಡಲೇ ಇಲ್ಲ. "ಮೊದಲು ಹೋಲಿಕೆಯದನ್ನು ತೋರಿಸು," ಎಂದರು. ಅದು ಸ್ವಚ್ಛವಾಗಿತ್ತು, ನೆರಳೂ ಇರಲಿಲ್ಲ. ಆಮೇಲೆ ಮಗುವಿನದು. ಗುರುತು ಎದ್ದು ಕಾಣುವಂತೆ ಅಲ್ಲಿತ್ತು. ಅವರು ಫೋನೆತ್ತಿ ವೈಶಾಲಿ ಮೇಡಂಗೆ, "ಆ ಕೂಸನ್ನು ಎಲ್ಲಿಗೂ ಕಳಿಸಬೇಡಿ," ಎಂದರು. ನಾನು ಹೊರಗೆ ಮೆಟ್ಟಿಲ ಬಳಿ ಹೋಗಿ ನಿಂತೆ.

ಔಷಧಿ ಕೈಸೇರುವಷ್ಟರಲ್ಲಿ ಇನ್ನಷ್ಟು ದಿನ ಕಳೆದವು. ಮಗು ಎರಡು ಸಲ ಕೈತಪ್ಪಿ ಹೋಗುವಂತಾಗಿ ಉಳಿಯಿತು. ಈಗ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ಸೂಜಿಯಿಲ್ಲದ ಸಿರಿಂಜಿನಿಂದ ಭಾಗಮ್ಮನೇ ಔಷಧಿ ಹಾಕುತ್ತಾಳೆ. ಹೋದ ವಾರ ಸ್ಕ್ಯಾನ್ ಆಯಿತು. ಉಳಿದಿದ್ದ ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿದೆ. ಗುಣವಾಯಿತು ಎಂದು ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ. ಮತ್ತೆ ಬೆಳೆಯಬಹುದು. ಆದರೆ ನಿಶಾ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ, ನನ್ನ ಕನ್ನಡಕ ಕಿತ್ತುಕೊಳ್ಳುತ್ತಾಳೆ.

ಸ್ಕ್ಯಾನಿನ ದಿನ ಯಲ್ಲಾಲಿಂಗ ಹೆಂಡತಿಯನ್ನು ದೂರ ಕೂರಿಸಿ ನನ್ನ ಬಳಿ ಬಂದ. "ಒಂದು ಕೇಳ್ತೀನ್ರಿ. ಇದು ನಮ್ಮ ಕಡಿಂದ ಬಂದದ್ದೋ, ಆಕೀ ಕಡಿಂದೋ? ನಮ್ಮವ್ವ ದಿನಾ ಫೋನ್ ಮಾಡಿ, ಆಕೀ ತವರಮನಿ ರಕ್ತ ಖೋಡಿ ಐತಿ, ಅದಕ್ಕ ಹಿಂಗಾತು ಅಂತಾಳ."

"ಯಾರ ಕಡಿಂದಲೂ ಅಲ್ಲ," ಎಂದೆ. "ಕೂಸು ಬೆಳಿಯುವಾಗ ತಲಿಯೊಳಗ ಒಂದು ಕಣ ದಾರಿ ತಪ್ಪಿ ಆಗಿದ್ದು. ಅಪ್ಪನ ರಕ್ತದಾಗೂ ಇಲ್ಲ, ಅವ್ವನ ರಕ್ತದಾಗೂ ಇಲ್ಲ. ಮುಂದ ಹುಟ್ಟೋ ಕೂಸಿಗೂ ಇದರಿಂದ ಭಯ ಇಲ್ಲ."

ಅವನು ಅಲ್ಲೇ ತಾಯಿಗೆ ಫೋನ್ ಹಚ್ಚಿದ. "ಅವ್ವಾ, ಇನ್ನ ಆಕೀಗಿ ಒಂದು ಮಾತು ಅನಬ್ಯಾಡ. ದವಾಖಾನಿಯವರ ಹೇಳ್ಯಾರ," ಎಂದ. ಎದುರಿನಿಂದ ಏನು ಬಂತೋ ತಿಳಿಯದು. ಮಾತು ಮುಗಿಸಿ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ಭಾಗಮ್ಮ ಅತ್ತಳು. ಮಗುವಿನ ರೋಗ ಕೇಳಿದ ದಿನ ಅಳದವಳು ಅಂದು ಅತ್ತಳು.

ಇಷ್ಟು ನನ್ನ ಸುದ್ದಿ. ಅಮ್ಮಿಗೆ ಕಣ್ಣಿನ ಹನಿ ತಪ್ಪದೆ ಹಾಕಿರಿ, ಒಲೆಯ ಹೊಗೆಯ ಹತ್ತಿರ ಬಿಡಬೇಡಿ. ನೀವೂ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಅಲ್ಲಾಹನು ನಿಮ್ಮನ್ನೂ ಅಮ್ಮಿಯನ್ನೂ ತನ್ನ ನೆರಳಿನಲ್ಲಿಡಲಿ, ನಿಮ್ಮ ಮನಸ್ಸಿಗೆ ನೆಮ್ಮದಿ ಕೊಡಲಿ. ನಮಾಜಿನಲ್ಲಿ ನನ್ನನ್ನೂ ನೆನೆಯಿರಿ.

ನಿಮ್ಮ,
ತಹಮೀನಾ

ಮತ್ತೆ: ಮರೆತದ್ದನ್ನು ಇಲ್ಲಿ ಸೇರಿಸುತ್ತಿಲ್ಲ. ಇದನ್ನು ಬರೆಯಲೆಂದೇ ಕೂತೆ, ಮೇಲೆ ಬರೆಯಲು ಕೈ ಬರಲಿಲ್ಲ.

ನಿಶಾಳದು ಖಚಿತವಾದ ಮೇಲೆ, ಒಂದು ವರ್ಷದೊಳಗಿನ ಮಕ್ಕಳ ಹಳೆಯ ಗಡ್ಡೆಗಳನ್ನೂ ಪರೀಕ್ಷಿಸೋಣ ಎಂದು ನಿರ್ಧಾರವಾಯಿತು. ಆ ಚೂರುಗಳು ಮೇಣದಲ್ಲಿ ಹುದುಗಿ ಆಸ್ಪತ್ರೆಯಲ್ಲಿ ಉಳಿದಿರುತ್ತವೆ. ಮುಶರಫನದೂ ಇತ್ತು. ತಾಯಿಯಾಗಿ ಅನುಮತಿ ಬರೆದುಕೊಟ್ಟೆ. ನೀನು ಮುಟ್ಟಬೇಡ ಎಂದು ದೇವಾನಂದ ಸರ್ ಬೇರೆಯವರಿಂದ ಮಾಡಿಸಿದರು, ಆಮೇಲೆ ಕರೆದು ಕೂರಿಸಿ ಹೇಳಿದರು. ನಮ್ಮ ಮಗನದೂ ಅದೇ ಬಗೆ.

ಆಗ ಈ ಪರೀಕ್ಷೆ ಇರಲಿಲ್ಲ, ಈ ಔಷಧಿಯೂ ಇರಲಿಲ್ಲ. ಯಾರದೂ ತಪ್ಪಿಲ್ಲ. ಅಷ್ಟನ್ನು ನಾನು ತಡೆದುಕೊಳ್ಳಬಲ್ಲೆ.

ಆದರೆ ಮುಶರಫ ಹೋದ ಮೇಲೆ, ನಿಮ್ಮ ಚಿಕ್ಕಪ್ಪನ ಮಗನೂ ತಲೆಯ ರೋಗದಿಂದಲೇ ಹೋದನೆಂದು ಅಮ್ಮಿ ನೆನಪಿಸಿದರು, ಇದು ನಮ್ಮ ಮನೆತನದ ರಕ್ತ ಎಂದರು. ನೀವು ನಂಬಿದಿರಿ. ನನ್ನ ರಕ್ತದಿಂದ ಇನ್ನೊಂದು ಕೂಸನ್ನು ಮಣ್ಣಿಗೆ ಕೊಡಲಾರೆ ಎಂದಿರಿ. ಡಾಕ್ಟರನ್ನು ಕೇಳಿದಾಗ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದದ್ದು ನಮ್ಮಿಬ್ಬರಿಗೂ ಹೌದು ಎಂದೇ ಕೇಳಿಸಿತು. ಮೊದಲು ಹಾಸಿಗೆ ಬೇರೆಯಾಯಿತು, ಆಮೇಲೆ ಊರು.

ಅದು ನಿಮ್ಮ ರಕ್ತದಲ್ಲಿ ಇರಲಿಲ್ಲ, ರಿಯಾಜ. ನನ್ನದರಲ್ಲೂ ಇರಲಿಲ್ಲ. ಇನ್ನೊಂದು ಮಗು ಹುಟ್ಟಿದ್ದರೆ ಎಲ್ಲರ ಮಕ್ಕಳಂತೆಯೇ ಇರುತ್ತಿತ್ತು.

ನನಗೀಗ ನಲವತ್ತಮೂರು. ಹೋದ ವರ್ಷ ಮುಟ್ಟು ನಿಂತಿತು. ನಿಮಗೆ ಹೇಳಿರಲಿಲ್ಲ.