ಎದೆ ಮೊದಲೇ ಹೇಳಿತ್ತು

ಜುಲೈ 8, ರಾರೊಟೊಂಗಾ, ಬೆಳಿಗ್ಗೆ
ದ್ವೀಪದ ಸುತ್ತಲ ಹವಳದ ದಿಬ್ಬ ದಾಟಿ ಹೋಗಿ ವಾಪಸ್ಸು. ಗಾಳಿ ಎದುರು. ಆರೂ ಜನ ಐವತ್ತು ದಾಟಿದ ಹೆಂಗಸರು, ಆದರೂ ದೋಣಿ ಹಾರಿತು! ಕೊನೆಯ ಸೀಟಿನಲ್ಲಿ ಕೂತು ದಿಕ್ಕು ಹಿಡಿಯುವವಳು ನಾನು, ಹುಟ್ಟಿನ ತಾಳ ಕೂಗುವುದೂ ನಾನೇ. ನಡುವೆ ಎದೆ ಹಿಂಡಿದಂತಾಯಿತು. ಕೂಗು ನಿಲ್ಲಿಸಿದೆ. ನೋವು ಹೋಯಿತು.
“ಯಾಕೇ ತೆಪಾಯೆರು, ಬಾಯಿ ಬಿದ್ದೋಯ್ತಾ?” ಮುಂದಿನ ಸೀಟಿನಿಂದ ಮೆತುವಾ.
“ನೀನು ಹುಟ್ಟು ಹಾಕೋದು ನೋಡಿ ಮಾತೇ ಹೊರಡ್ತಿಲ್ಲ ಕಣೇ.”
ನವೆಂಬರಿನ ದೋಣಿ ಪಂದ್ಯ ಈ ಸಲ ನಮ್ಮದೇ!

ಜುಲೈ 9
ಮತ್ತೆ ಬಂತು. ಟಾರೋ ಗಡ್ಡೆ ಕೀಳುವಾಗ ಒಮ್ಮೆ, ಮೆಟ್ಟಿಲು ಹತ್ತುವಾಗ ಒಮ್ಮೆ. ಗ್ಯಾಸ್ ಇರಬೇಕು. ಗಂಡನಿಗೆ ಹೇಳಿಲ್ಲ. ಹೇಳಿದರೆ ತಮುಯೆರಾ ದೋಣಿಗೇ ಬೀಗ ಹಾಕಿಬಿಡುತ್ತಾನೆ.

ಜುಲೈ 17, ಆಸ್ಪತ್ರೆ
ಇವತ್ತು ಪೆನ್ನು ಕೊಟ್ಟರು. ಹತ್ತನೇ ತಾರೀಕು ದಡದಲ್ಲೇ ಕುಸಿದೆನಂತೆ. ಹಾರ್ಟ್ ಅಟ್ಯಾಕ್. ಮೆತುವಾ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದಳು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಉಳಿಸಿದರು.
ತಮುಯೆರಾ ಪಕ್ಕದಲ್ಲೇ ಇದ್ದಾನೆ. ಗಡ್ಡ ಬೋಳಿಸಿಲ್ಲ.

ಜುಲೈ 18
ಹೃದಯದ ಸ್ಕ್ಯಾನ್ ಆಯಿತು! ಡಾಕ್ಟರ್ ಲಿತಿಯಾ, ಫಿಜಿಯ ಹುಡುಗಿ, ಪರದೆಯನ್ನು ನನ್ನ ಕಡೆಗೇ ತಿರುಗಿಸಿದಳು.
“ನೋಡಿ ಆಂಟಿ, ಇಷ್ಟು ಚೆನ್ನಾಗಿ ಕೆಲಸ ಮಾಡ್ತಿರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಇದಕ್ಕೆ ಮುಂಚೆ ಎದೆನೋವು ಬಂದಿತ್ತಾ?”
ಗಂಡನ ಮುಂದೆಯೇ! “ಹಿಂದಿನ ಎರಡು ದಿನ ಬಂದು ಹೋಯ್ತು. ಗ್ಯಾಸ್ ಅಂದ್ಕೊಂಡೆ.”
“ಹಾಗೆ ಬಂದು ಹೋದ್ರೆ, ಕೆಲವರ ಹೃದಯ ಕಡಿಮೆ ರಕ್ತದಲ್ಲಿ ತಡ್ಕೊಳ್ಳೋದು ಸ್ವಲ್ಪ ಕಲ್ತಿರುತ್ತೆ. ಆಮೇಲೆ ಅಟ್ಯಾಕ್ ಆದ್ರೂ ಹಾನಿ ಕಡಿಮೆ, ಚೇತರಿಕೆ ಬೇಗ. ನಿಮಗೂ ಹಾಗಾಗಿರಬಹುದು.”
“ಅಂದ್ರೆ ನೋವು ಬಂದಿದ್ದೇ ಒಳ್ಳೇದಾಯ್ತಲ್ಲ!”
“ಅಯ್ಯೋ ಆಂಟಿ! ಅದು ಅದೃಷ್ಟ ಅಷ್ಟೆ. ಅವತ್ತೇ ಆಸ್ಪತ್ರೆಗೆ ಬಂದಿದ್ರೆ ಈ ಅಟ್ಯಾಕನ್ನೇ ತಪ್ಪಿಸಬಹುದಿತ್ತೇನೋ. ಇನ್ನೊಂದ್ಸಲ ನೋವು ಬಂದ್ರೆ ಒಂದು ಕ್ಷಣಾನೂ ಕಾಯ್ಬೇಡಿ.”
“ಗ್ಯಾಸಂತೆ ಗ್ಯಾಸು!” ತಮುಯೆರಾ ಎದ್ದು ಹೊರಗೆ ಹೋದ. ಕಾರಿಡಾರಿನಲ್ಲಿ ನಿಂತು ಅತ್ತನಂತೆ. ನರ್ಸ್ ಹೇಳಿದಳು.
ನಾನು ಮಾತ್ರ ನಗುತ್ತಲೇ ಇದ್ದೇನೆ. ಚೆನ್ನಾಗಿದೆಯಂತೆ! ನನ್ನ ಹೃದಯ!

ಆಗಸ್ಟ್ 20
ಆಕ್ಲೆಂಡಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಮತ್ತೆ ರಾರೊಟೊಂಗಾ. ಬೊಗಸೆ ತುಂಬ ಮಾತ್ರೆ. ಬೆಳಿಗ್ಗೆ ದಂಡೆಯ ಮೇಲೆ ನಡಿಗೆ, ತಮುಯೆರಾ ಪೊಲೀಸಿನ ಹಾಗೆ ಹಿಂದೆ. ಡಬ್ಬಿ ಮಾಂಸ ಮನೆಯಿಂದ ಗಡಿಪಾರು.
ದೋಣಿಯ ಸುದ್ದಿ ಎತ್ತಿದೆ. ಎರಡು ದಿನ ಮಾತು ಬಿಟ್ಟ.

ಸೆಪ್ಟೆಂಬರ್ 21, ದಡದಲ್ಲಿ
ಲಿತಿಯಾ ಒಪ್ಪಿದಳು!! ಗಾಳಿಯಿಲ್ಲದ ದಿನ, ನಡುವಿನ ಸೀಟು, ಮೆಲ್ಲಗೆ ಹುಟ್ಟು. ಕೂಗಾಟ ಇಲ್ಲ. ಇವತ್ತು ನೀರು ಕನ್ನಡಿ.
ಬಂದು ನೋಡಿದರೆ ನನ್ನ ಹಿಂದಿನ ಸೀಟಿನಲ್ಲಿ ತಮುಯೆರಾ! ಹುಟ್ಟು ಮುಟ್ಟಿ ಮೂವತ್ತು ವರ್ಷವಾಗಿದೆ. “ನೀನು ಹೋದ್ರೆ ನಾನೂ ಬರ್ತೀನಿ, ಅಷ್ಟೇ.”
“ಅಣ್ಣಾ, ಹುಟ್ಟು ತಲೆಕೆಳಗಾಯ್ತು!” ಮೆತುವಾ ಬಿದ್ದು ಬಿದ್ದು ನಗುತ್ತಿದ್ದಾಳೆ.
ಅಯ್ಯೋ... ದಿಬ್ಬದ ಆಚೆ ನೀರು ಚಿಮ್ಮಿತು! ತಿಮಿಂಗಿಲ! ಪಕ್ಕದಲ್ಲಿ ಮರಿ!
“ಬರೆದಿದ್ದು ಸಾಕು, ಬಾರೇ!” ಮೆತುವಾ ಕೂಗುತ್ತಿದ್ದಾಳೆ.
ಹೊರಟೆ. ಎದೆ ಹೊಡೆದುಕೊಳ್ಳುತ್ತಿದೆ — ನೋವಲ್ಲ, ಒಂದು ಚೂರೂ ನೋವಲ್ಲ, ಬರೀ ಖುಷಿ!