ಹೆಪ್ಪು ಕೇಳಲು ಹೋದವನು

ಹೊಸಮಟ್ಟಿ,
ಫೆಬ್ರವರಿ ೩೦, ೨೨೪೧

ಹಿಂದಿನ ಕಾಲದ ಪ್ರಿಯರೇ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನು ನಾವು ಸಮ ಮಾಡಿಕೊಂಡು ಬಹಳ ಕಾಲವಾಯಿತು. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವನು ನಾನು. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಬಟ್ಟಲಿನವನು. ದೊಡ್ಡ ಆಘಾತ ಕಂಡವರ ಮನೆಗೆ ದಿನಾ ಬೆಳಿಗ್ಗೆ ಖಾಲಿ ಬಟ್ಟಲು ಹಿಡಿದು ಹೋಗಿ ಹೆಪ್ಪು ಕೇಳುವುದು ನನ್ನ ಉದ್ಯೋಗ. ನಮ್ಮಲ್ಲಿ ಹಾಲು ಹಸುವಿನಿಂದ ಬರುವುದಿಲ್ಲ. ಓಣಿಗೊಂದು ಹಾಲುಗೂಡು ಇದೆ, ಹುಲ್ಲನ್ನು ಅರೆದು ಹಾಲು ಮಾಡುವ ಗಾಜಿನ ತೊಟ್ಟಿ. ಮೊಸರನ್ನು ಮಾತ್ರ ಯಂತ್ರಕ್ಕೆ ಬಿಟ್ಟುಕೊಟ್ಟಿಲ್ಲ. ಅದು ಮನೆಯಲ್ಲೇ ಆಗಬೇಕು, ನಿನ್ನೆಯದು ಒಂದು ಚಮಚ ಉಳಿದಿರಬೇಕು. ಎಲ್ಲವನ್ನೂ ಕಳೆದುಕೊಂಡವರಿಗೆ ಕೊಡಲು ಬರುವವರು ಬಹಳ, ಅವರಿಂದ ಕೇಳಿ ಪಡೆಯುವವರು ಯಾರೂ ಇಲ್ಲ ಎಂಬುದನ್ನು ಹಿಂದೆ ಯಾರೋ ಗಮನಿಸಿದರು. ಈ ಉದ್ಯೋಗ ಹಾಗೆ ಹುಟ್ಟಿತು. ಏನಾಯಿತೆಂದು ನಾವು ವಿಚಾರಿಸಕೂಡದು. ಅವರಾಗಿ ಹೇಳಿದರೆ ನಡುವೆ ಏಳಕೂಡದು. ದೇವರ ಪರ ವಕಾಲತ್ತು ವಹಿಸುವುದಂತೂ ಪೂರ್ತಿ ನಿಷಿದ್ಧ. ನನಗೆ ಸಾಂತ್ವನದ ಮಾತು ಬರುವುದಿಲ್ಲ. ಬಹುಶಃ ಅದಕ್ಕೇ ನನ್ನನ್ನು ಆರಿಸಿದರು.

ಮೇಲೂರಿನ ಕಟ್ಟೆ ಒಡೆದಾಗ ಗಂಡನನ್ನೂ ತಂಗಿಯನ್ನೂ ನೀರಿಗೆ ಕಳೆದುಕೊಂಡ ನೀಲಗಂಗವ್ವ ನಮ್ಮ ಓಣಿಗೆ ಬಂದಳು. ಬಾಗಿಲು ಮುಚ್ಚಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ನಲ್ಲಿಯ ಸದ್ದಿಗೆ ಬೆಚ್ಚುತ್ತಿದ್ದಳು. ಯಾರೋ ಕೊಟ್ಟ ದೇವರ ಪಟವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಳು. "ಹೆಪ್ಪು ಐತೇನ್ರಿ?" ಎಂದು ನಾನು ಕೇಳಿದರೆ "ಇಲ್ಲ" ಎನ್ನುತ್ತಿದ್ದಳು. "ಆತು, ನಾಳೆ ಬರ್ತೀನಿ." ಹೀಗೆ ಮೂವತ್ತಾರು ದಿನ. ಒಲೆ ಹಚ್ಚಿರಲಿಲ್ಲ, ನೆರೆಯವರು ತಂದಿಟ್ಟ ಊಟ ದಿನದಿಂದ ದಿನಕ್ಕೆ ಹೆಚ್ಚು ಉಳಿಯುತ್ತಿತ್ತು. ಬದುಕಬೇಕೋ ಬೇಡವೋ ಎಂಬುದನ್ನು ಅವಳು ಇನ್ನೂ ತೀರ್ಮಾನಿಸಿರಲಿಲ್ಲ.

ಮೂವತ್ತೇಳನೆಯ ದಿನ ನಾನು ತಪ್ಪು ಮಾಡಿದೆ. ನನಗೆ ಕೊಡಲು ಅವಳಲ್ಲಿ ಏನಾದರೂ ಇರಲೆಂದು ನನ್ನ ಮನೆಯ ಮೊಸರನ್ನೇ ಗಡಿಗೆಯಲ್ಲಿ ಒಯ್ದು ಅವಳ ಅಡುಗೆಮನೆಯ ಕಿಟಕಿಯಲ್ಲಿಟ್ಟು, ಹೊತ್ತೇರಿದ ಮೇಲೆ ಏನೂ ಅರಿಯದವನಂತೆ ಬಟ್ಟಲು ಹಿಡಿದು ನಿಂತೆ. ಅವಳು ಗಡಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಬೆರಳದ್ದಿ ನೆಕ್ಕಿದಳು.

"ಇದಕ್ಕ ಮೊಸರು ಅಂತಾರೇನೋ ಯಣ್ಣಾ? ನಿನ್ನ ಮಾರಿ ಹಂಗ ಹುಳಿ ಐತಲ್ಲ! ತಗೊಂಡು ನಡಿ."

ಅಷ್ಟು ದಿನಗಳಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು. ಓಣಿಯವರೆಲ್ಲ ನೋಡುತ್ತಿರಲು ಗಡಿಗೆ ಹೊತ್ತು ನಡೆದೆ. ಅವಮಾನವಾಗಿತ್ತು, ಕಾಲುಗಳು ಮಾತ್ರ ಹಗುರಾಗಿದ್ದವು.

ಮರುದಿನ ಅವಳ ಒಲೆಯಲ್ಲಿ ಬೂದಿಯಿತ್ತು. "ಹೆಪ್ಪಿಲ್ಲದ ಮೊಸರು ಹ್ಯಾಂಗ ಆಗತೈತಿ, ಗೊತ್ತೇನು ನಿನಗ?" ಎಂದಳು. ಗೊತ್ತಿರಲಿಲ್ಲ. ಬೆಚ್ಚಗಿನ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಟ್ಟಿದ್ದಳು. "ನನ್ನ ತಂಗಿ ಕಲಿಸಿದ್ದು." ತಂಗಿಯ ಹೆಸರು ಗಿರಿಜಾ ಎಂದು ನನಗೆ ಅಂದೇ ತಿಳಿಯಿತು. ಅವಳು ಹೇಳುತ್ತಾ ಹೋದಳು, ಮಧ್ಯಾಹ್ನದವರೆಗೆ ನಾನು ಅಲ್ಲೇ ಕೂತಿದ್ದೆ. ಮೊಸರು ನೀರುನೀರಾಗಿತ್ತು. ಒಂದು ಚಮಚ ನನ್ನ ಬಟ್ಟಲಿಗೆ ಹಾಕಿ, "ಚೊಲೋ ಆಗಿಲ್ಲ, ನಗಬ್ಯಾಡ," ಎಂದಳು. ಮನೆಗೆ ಬಂದು ಹುಳಿ ಮೊಸರನ್ನೆಲ್ಲ ಉಂಡು ಮುಗಿಸಿ, ಅವಳ ಆ ಚಮಚದಿಂದಲೇ ಹೆಪ್ಪು ಹಾಕಿದೆ.

ಹನ್ನೊಂದು ದಿನಗಳ ನಂತರ ನನ್ನ ಬಾಗಿಲು ಬಡಿದ ಸದ್ದಾಯಿತು. ನೀಲಗಂಗವ್ವ ಬಟ್ಟಲು ಹಿಡಿದು ನಿಂತಿದ್ದಳು. "ಹೆಪ್ಪು ಐತೇನ್ರೀ?" ಎಂದು ನನ್ನದೇ ದನಿಯನ್ನು ಅಣಕಿಸಿದಳು. ಅವಳ ಮೊಸರಿಗೆ ಬೆಕ್ಕು ಬಾಯಿ ಹಾಕಿತ್ತಂತೆ. ಕೊಟ್ಟೆ. ಮೂಸಿ ನೋಡಿ, "ಈಗ ಮನಷ್ಯಾ ಉಣ್ಣೂ ಹಂಗ ಆಗೇತಿ," ಎಂದು ನಕ್ಕಳು. ನಾನೂ ನಕ್ಕೆ, ನನಗೆ ಅದು ಅಷ್ಟು ಸುಲಭವಾಗಿ ಬರುವುದಿಲ್ಲ.

ಅವಳ ಮನೆಯ ದೇವರ ಪಟ ಈಗ ಪಕ್ಕಕ್ಕೆ ತಿರುಗಿದೆ. ಪೂರ್ತಿ ರಾಜಿಯಾಗಿಲ್ಲ. "ಅಂವಾ ಮದಲ ಮಾತಾಡ್ಲಿ," ಎನ್ನುತ್ತಾಳೆ. ನಾನು ನಡುವೆ ಬಾಯಿ ಹಾಕುವುದಿಲ್ಲ.

ನಿಮ್ಮ ಬೀದಿಯಲ್ಲೂ, ಏನು ಹೇಳಬೇಕೆಂದು ತೋಚದೆ ನೀವು ದಾಟಿ ಹೋಗುವ ಮನೆಯೊಂದು ಇರಬಹುದು. ನಾಳೆ ಅಲ್ಲಿಗೆ ಹಣ್ಣು ಒಯ್ಯಬೇಡಿ, ಬಟ್ಟಲು ಒಯ್ಯಿರಿ. ಇಲ್ಲ ಎಂದರೆ ನಾಡಿದ್ದೂ ಹೋಗಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಹಾಲು ಉಗುರುಬೆಚ್ಚಗಾಗಿದೆ, ಎದ್ದು ಹೆಪ್ಪು ಹಾಕಬೇಕು. ಮೊಸರಿಗೆ ಬಾಯಿ ಹಾಕಿದ ಆ ಬೆಕ್ಕನ್ನು ನೀಲಗಂಗವ್ವ ಈಗ ಸಾಕಿಕೊಂಡಿದ್ದಾಳೆ. ಬೆಳಿಗ್ಗೆ ಬಂದು ಕೇಳಿದರೆ ನನ್ನಲ್ಲಿ ಇರಬೇಕಲ್ಲ.

ಇರಸಂಗಪ್ಪ